ಕೂದಲಿಗಿಂತ ತೆಳುವಾದ ಕಾವಲು

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಹೋಬಳಿ ಊರಿನಲ್ಲಿ ನಾಲ್ಕು ಇಂಚಿನ ಗ್ರೈಂಡರ್ ಇಲ್ಲದೆ ದೊಡ್ಡ ಕೆಲಸ ಯಾವುದೂ ಮುಂದೆ ಸಾಗುವುದಿಲ್ಲ. ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಟ್ರ್ಯಾಕ್ಟರ್ ಟ್ರಾಲಿಗಳ ಬಿರುಕಿಗೆ ವೆಲ್ಡಿಂಗ್ ಆಗಬೇಕು. ವೆಲ್ಡಿಂಗಿನ ಗಂಟನ್ನು ಸವರಿ ಸಮ ಮಾಡುವುದು ಗ್ರೈಂಡರ್. ಕಿಟಕಿಯ ಗ್ರಿಲ್, ಪತ್ರಾದ ಶೆಡ್ಡು, ಸವೆದ ಕುಂಟೆಯ ಕುಡ, ಎಲ್ಲದಕ್ಕೂ ಅದೇ. ಮನೆಗೆ ಶಹಾಬಾದ್ ಪರಸಿ ಹಾಕಿಸುವವರಿಗೆ ಮೂಲೆಗೆ ಕೂಡುವಂತೆ ಕಲ್ಲು ಕೊಯ್ದು ಕೊಡುವುದು ಕಟರ್ ಮಷೀನು. ಗೋಡೆಗೆ ತೂತು ಹೊಡೆಯುವುದು ಡ್ರಿಲ್. ಈ ಮೂರರ ಹೊಟ್ಟೆಯಲ್ಲೂ ಇರುವುದು ಒಂದೇ ಜಾತಿಯ ಮೋಟಾರು.

ಈ ಮೋಟಾರು ಸಾಯುವ ರೀತಿಯೂ ಒಂದೇ. ಚೆನ್ನಾಗಿ ನಡೆಯುತ್ತಿದ್ದದ್ದು ಒಂದು ದಿನ ವಾಸನೆ ಹೊಡೆಯುತ್ತದೆ, ತೂತುಗಳಿಂದ ಹೊಗೆ ಬರುತ್ತದೆ. ‘ವೈಂಡಿಂಗ್ ಸುಟ್ಟದ’ ಎಂದು ಉಸ್ತಾದ್ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ. ಹಣೆಬರಹ ಎಂಬಂತೆ ಮಾಲಕ ಅದನ್ನು ಒಪ್ಪಿಕೊಂಡು ರಿವೈಂಡಿಂಗಿಗೆ ಭಾಲ್ಕಿಗೋ ಬೀದರಿಗೋ ಕಳಿಸುತ್ತಾನೆ. ಆದರೆ ಬಿಚ್ಚಿ ನೋಡಿದರೆ ಆ ಸಾವು ತಿಂಗಳುಗಟ್ಟಲೆ ಮೊದಲೇ ಶುರುವಾಗಿರುತ್ತದೆ. ಈ ಯಂತ್ರದ ಜೀವ ನಿಂತಿರುವುದು ಉಕ್ಕಿನ ಗೇರಿನ ಮೇಲೂ ಅಲ್ಲ, ದಪ್ಪ ಪ್ಲಾಸ್ಟಿಕ್ ಮೈಯ ಮೇಲೂ ಅಲ್ಲ. ಕಣ್ಣಿಗೆ ಸರಿಯಾಗಿ ಕಾಣದ ಕೆಲವು ಪದರಗಳ ಮೇಲೆ: ತಾಮ್ರದ ಮೇಲಿನ ಕಂದು ಲೇಪ, ತಂತಿಯ ಮೇಲಿನ ವಾರ್ನಿಷ್, ಬೇರಿಂಗಿನ ಗುಂಡಿನ ಸುತ್ತ ಇರುವ ಗ್ರೀಸ್. ದಿನನಿತ್ಯದ ನಿಗಾ ಎಂದರೆ ಈ ಪದರಗಳ ನಿಗಾ. ಯಾವ ಪದರ ಏನು ಮಾಡುತ್ತದೆ ಎಂದು ತಿಳಿದರೆ ಏನು ಮಾಡಬೇಕು, ಏನು ಮಾಡಬಾರದು ಎನ್ನುವುದನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಡ್ರಿಲ್ ಮೊದಲು ಬಂದದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಫೈನ್ ಕಂಪನಿಯಿಂದ, 1895ರಲ್ಲಿ. ನಾವು ಇಂದು ಹಿಡಿಯುವ ಮಾದರಿಯ ಆ್ಯಂಗಲ್ ಗ್ರೈಂಡರ್ ಫ್ಲೆಕ್ಸ್ ಎಂಬ ಇನ್ನೊಂದು ಜರ್ಮನ್ ಕಂಪನಿಯಿಂದ 1954ರಲ್ಲಿ ಬಂತು. ಒಳಗಿನ ಮೋಟಾರಿಗೆ ಯೂನಿವರ್ಸಲ್ ಮೋಟಾರ್ ಎನ್ನುತ್ತಾರೆ. ಹೊರಗೆ ನಿಂತಿರುವ ಫೀಲ್ಡ್ ಕಾಯಿಲ್, ಒಳಗೆ ತಿರುಗುವ ಆರ್ಮೇಚರ್, ಎರಡರಲ್ಲೂ ಹರಿಯುವುದು ಒಂದೇ ಕರೆಂಟು. ಎರಡರ ದಿಕ್ಕೂ ಒಟ್ಟಿಗೇ ಬದಲಾಗುವುದರಿಂದ ಎಸಿ ಆದರೂ ಡಿಸಿ ಆದರೂ ತಿರುಗುವ ದಿಕ್ಕು ಮಾತ್ರ ಬದಲಾಗುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಗಾತ್ರಕ್ಕೆ ಇಷ್ಟು ಬಲ ಕೊಡುವ ಅಗ್ಗದ ಮೋಟಾರು ಬೇರೆ ಇಲ್ಲ. ಅದಕ್ಕೆ ತೆರಬೇಕಾದ ಬೆಲೆ ಎಂದರೆ ತಿರುಗುತ್ತಿರುವ ಆರ್ಮೇಚರಿಗೆ ಕರೆಂಟು ತಲುಪಿಸಬೇಕು. ಆ ಕೆಲಸಕ್ಕೆ ಇರುವುದು ‘ಕಾರ್ಬನ್’, ಅಂದರೆ ಎರಡು ಚಿಕ್ಕ ಗ್ರಾಫೈಟ್ ತುಂಡುಗಳು. ಆರ್ಮೇಚರಿನ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ಸುತ್ತ ಜೋಡಿಸಿದ ಉಂಗುರವಿದೆ, ಅದು ಕಮ್ಯುಟೇಟರ್. ಸ್ಪ್ರಿಂಗಿನ ಒತ್ತಡದಲ್ಲಿ ಕಾರ್ಬನ್ ಅದನ್ನು ಸದಾ ಉಜ್ಜುತ್ತಿರುತ್ತದೆ.

ಉಜ್ಜುವ ವೇಗವನ್ನು ಒಮ್ಮೆ ಅಂದಾಜು ಮಾಡಬೇಕು. ನಾಲ್ಕು ಇಂಚಿನ ಗ್ರೈಂಡರಿನ ಡಿಸ್ಕು ನಿಮಿಷಕ್ಕೆ 11,000ದಿಂದ 12,000 ಸುತ್ತು ಸುತ್ತುತ್ತದೆ. ಸೆಕೆಂಡಿಗೆ ಸುಮಾರು 200. ಗೇರು ವೇಗವನ್ನು ಇಳಿಸಿದ ಮೇಲೆ ಸಿಗುವ ಲೆಕ್ಕ ಇದು. ಮೋಟಾರಿನ ದಂಡ ಇದರ ಎರಡು ಮೂರು ಪಟ್ಟು ಜೋರಾಗಿ ತಿರುಗುತ್ತಿರುತ್ತದೆ. ಕಾರ್ಬನ್ನಿನ ಕೆಳಗೆ ತಾಮ್ರ ಓಡುವ ವೇಗ ಗಂಟೆಗೆ ನೂರು ಕಿಲೋಮೀಟರನ್ನು ಸುಲಭವಾಗಿ ದಾಟುತ್ತದೆ. ಇಷ್ಟು ಉಜ್ಜಿದರೂ ಒಂದು ಜೊತೆ ಕಾರ್ಬನ್ ತಿಂಗಳುಗಟ್ಟಲೆ ಬಾಳುತ್ತದೆ. ಅದು ಹೇಗೆ?

ಮೊದಮೊದಲ ಡೈನಮೋಗಳಲ್ಲಿ ಬ್ರಷ್ ತಾಮ್ರದ್ದೇ ಆಗಿತ್ತು. ತಾಮ್ರಕ್ಕೆ ತಾಮ್ರ ಉಜ್ಜಿ ಎರಡೂ ಹಾಳಾಗುತ್ತಿದ್ದವು, ಕಿಡಿ ಹಾರುತ್ತಿತ್ತು. ಸ್ಕಾಟ್ಲೆಂಡಿನ ಎಂಜಿನಿಯರ್ ಜಾರ್ಜ್ ಫೋರ್ಬ್ಸ್ 1885ರಲ್ಲಿ ಕಾರ್ಬನ್ ಬ್ರಷ್ಷಿಗೆ ಪೇಟೆಂಟ್ ಪಡೆದರು. ಗ್ರಾಫೈಟಿನ ಹಾಳೆಗಳು ಒಂದರ ಮೇಲೊಂದು ತಾವಾಗಿಯೇ ಜಾರುತ್ತವೆ, ಅದಕ್ಕೇ ಅದು ನುಣುಪು ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಎರಡನೇ ಮಹಾಯುದ್ಧ ಆ ನಂಬಿಕೆಯನ್ನು ಅಲ್ಲಾಡಿಸಿತು. ವಿಮಾನಗಳು ಬಹಳ ಎತ್ತರಕ್ಕೆ ಹಾರತೊಡಗಿದಾಗ ಅವುಗಳ ಜನರೇಟರಿನ ಕಾರ್ಬನ್‌ಗಳು ಕೆಲವೇ ಗಂಟೆಗಳಲ್ಲಿ ಪುಡಿಯಾಗಿ ಉದುರಿಹೋಗುತ್ತಿದ್ದವು. ನೆಲದ ಮೇಲೆ ಅವೇ ಕಾರ್ಬನ್‌ಗಳಿಗೆ ಏನೂ ಆಗುತ್ತಿರಲಿಲ್ಲ. ಮೇಲಿನ ಗಾಳಿಯಲ್ಲಿ ಕಡಿಮೆ ಇದ್ದದ್ದು ನೀರಿನ ಹಬೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ರಾಬರ್ಟ್ ಸ್ಯಾವೇಜ್ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಖಚಿತಪಡಿಸಿದವು: ನಿರ್ವಾತದಲ್ಲಿ ಗ್ರಾಫೈಟ್ ಜಾರುವುದಿಲ್ಲ, ಕಚ್ಚಿಕೊಂಡು ಸವೆಯುತ್ತದೆ, ಸ್ವಲ್ಪ ನೀರಿನ ಹಬೆ ಒಳಗೆ ಬಿಟ್ಟರೆ ಮತ್ತೆ ನುಣುಪಾಗುತ್ತದೆ. ಗ್ರಾಫೈಟ್ ಹರಳಿನ ಅಂಚುಗಳಿಗೆ ನೀರಿನ ಅಣುಗಳು ಅಂಟಿ ಕೂತು ಆ ಅಂಚುಗಳ ಹಸಿವನ್ನು ತಣಿಸುತ್ತವೆ. ಬೀದರ್ ಜಿಲ್ಲೆಯ ಏಪ್ರಿಲ್ ತಿಂಗಳ ಒಣ ಗಾಳಿಯಲ್ಲೂ ಇದಕ್ಕೆ ಸಾಕಾಗುವಷ್ಟು ಹಬೆ ಇದ್ದೇ ಇರುತ್ತದೆ. ನಮ್ಮ ಕೈಯ ಗ್ರೈಂಡರು ಓಡುವುದರಲ್ಲಿ ಕಾಣದ ಆ ತೇವದ ಪಾಲೂ ಇದೆ ಎಂಬುದು ನನಗೆ ಇಂದಿಗೂ ಸೋಜಿಗ.

ತಾಮ್ರ, ಗ್ರಾಫೈಟ್, ಗಾಳಿ, ನೀರಿನ ಹಬೆ ನಾಲ್ಕೂ ಸೇರಿ ಕಮ್ಯುಟೇಟರಿನ ಮೇಲೆ ಒಂದು ಲೇಪ ಕಟ್ಟುತ್ತವೆ. ತಾಮ್ರದ ಆಕ್ಸೈಡಿನ ಮೇಲೆ ಗ್ರಾಫೈಟಿನ ಪುಡಿ ಕೂತು ಆದದ್ದು ಅದು. ಬಣ್ಣ ಕಂದು, ಸಮನಾದ ಹೊಳಪು, ದಪ್ಪ ಒಂದು ಮೈಕ್ರಾನಿಗೂ ಕಡಿಮೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ ಇದರ ತೆಳುವು ಗೊತ್ತಾದೀತು. ಕಾರ್ಬನ್ ನಿಜವಾಗಿ ಜಾರುವುದು ತಾಮ್ರದ ಮೇಲಲ್ಲ, ಈ ಲೇಪದ ಮೇಲೆ. ಆದರೆ ಮಷೀನು ಬಿಚ್ಚಿದ ಹುಡುಗ ಕಂದು ಬಣ್ಣ ಕಂಡ ಕೂಡಲೇ ಮಾಡುವ ಮೊದಲ ಕೆಲಸವೇ ಪಾಲಿಶ್ ಪೇಪರ್ ಹಿಡಿದು ಅದನ್ನು ಕೆಂಪಗೆ ತಿಕ್ಕುವುದು. ಬೀದರಿನವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಬಿದರಿ ಕುಸುರಿಯವರು ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣು, ನವಸಾಗರ ಬೆರೆಸಿ ಹಚ್ಚಿದಾಗ ಬರುವ ಕಪ್ಪು ಕೊಳೆಯಲ್ಲ. ಬೆಳ್ಳಿಯ ಕೆತ್ತನೆಗೆ ಮೆರುಗು ಬರುವುದೇ ಆ ಕಪ್ಪಿನಿಂದ. ಬಿದರಿ ಹೂಜಿಯನ್ನು ಬೂದಿ ಹಾಕಿ ಬೆಳಗಿ ಬಿಳಿ ಮಾಡುವವರು ಯಾರೂ ಇಲ್ಲ. ಕಮ್ಯುಟೇಟರಿನ ಕಂದಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ಸುಟ್ಟ ಕಪ್ಪು ಮಚ್ಚೆ, ಕೈಗೆ ತಾಕುವ ಗೀರು, ಪಟ್ಟಿಗಳ ಅಂಚು ಕರಗಿದ ಗುರುತು ಇವಿದ್ದರೆ ಮಾತು ಬೇರೆ. ಆಗ ಆರ್ಮೇಚರನ್ನು ಲೇಥಿಗೆ ಕೊಡಬೇಕು. ಸಮನಾದ ಕಂದಿದ್ದರೆ ಒಣ ಬಟ್ಟೆಯಿಂದ ಒರೆಸಿ ಬಿಡುವುದೇ ಸರಿ.

ಕಾರ್ಬನ್ ಸವೆಯಲೆಂದೇ ಇಟ್ಟ ತುಂಡು. ಅದು ಸವೆದು ತಾಮ್ರವನ್ನು ಉಳಿಸಬೇಕು. ಸಾಮಾನ್ಯವಾಗಿ ಐದಾರು ಮಿಲಿಮೀಟರ್ ಉಳಿದಾಗಲೇ ಬದಲಿಸುವುದು ಕ್ಷೇಮ. ಹಲವು ಕಂಪನಿಗಳು ಕಾರ್ಬನ್ನಿನ ಮೇಲೇ ಮಿತಿಯ ಗೆರೆ ಕೊರೆದಿರುತ್ತವೆ. ಅದನ್ನು ಮೀರಿ ಓಡಿಸಿದರೆ ಸ್ಪ್ರಿಂಗಿನ ಒತ್ತಡ ಕಡಿಮೆಯಾಗಿ ಕಾರ್ಬನ್ ಕುಣಿಯತೊಡಗುತ್ತದೆ. ಕುಣಿದಾಗಲೆಲ್ಲ ಕಿಡಿ, ಕಿಡಿಯಿಂದ ತಾಮ್ರಕ್ಕೆ ಗುಂಡಿ, ಗುಂಡಿಯಿಂದ ಇನ್ನಷ್ಟು ಕುಣಿತ. ಕೊನೆಗೆ ಒಳಗಿನ ತಂತಿಯೋ ಸ್ಪ್ರಿಂಗೋ ನೇರವಾಗಿ ತಾಮ್ರವನ್ನು ಗೀರುತ್ತದೆ. ಕೆಲವು ಕಾರ್ಬನ್‌ಗಳ ಒಳಗೆ ಕರೆಂಟು ಹಾಯದ ಚಿಕ್ಕ ಮೊಳೆ ಇರುತ್ತದೆ. ಕಾರ್ಬನ್ ಸವೆದಾಗ ಅದು ಹೊರಬಂದು ತುಂಡನ್ನು ಮೇಲೆತ್ತಿ ಮಷೀನನ್ನು ನಿಲ್ಲಿಸುತ್ತದೆ. ‘ಮಷೀನ್ ಒಮ್ಮೆಲೇ ಬಂದ್ ಬಿದ್ದದ’ ಎಂದು ತಂದಾಗ ‘ಮೊದಲ ಕಾರ್ಬನ್ ನೋಡೋ’ ಎಂದು ಉಸ್ತಾದ್ ಹೇಳುವುದು ಇದಕ್ಕೇ. ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಒತ್ತಡ ಸಮ ಇರುವುದಿಲ್ಲ. ಹೊಸದು ಹಾಕಿದ ಮೇಲೆ ಕೆಲವು ನಿಮಿಷ ಬರಿದೇ ಓಡಿಸಬೇಕು. ಕಾರ್ಬನ್ನಿನ ಚಪ್ಪಟೆ ತುದಿ ಕಮ್ಯುಟೇಟರಿನ ದುಂಡು ಮೈಗೆ ಹೊಂದಿಕೊಂಡು ಪೂರ್ತಿ ಅಂಟಿ ಕೂತ ಮೇಲಷ್ಟೇ ಭಾರ ಹಾಕುವುದು. ಕಾರ್ಬನ್ ತೆಗೆದಾಗ ಆ ಗೂಡಿನಲ್ಲಿ ಕೂತ ಕರಿ ಪುಡಿಯನ್ನೂ ಒಣ ಬ್ರಷ್ಷಿನಿಂದ ತೆಗೆಯಬೇಕು, ಏಕೆಂದರೆ ಆ ಪುಡಿಯೂ ಕರೆಂಟನ್ನು ಹಾಯಿಸುತ್ತದೆ. ಇದೆಲ್ಲಕ್ಕೂ ಮೊದಲು ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು.

ಇನ್ನು ವಾರ್ನಿಷ್. ಫೀಲ್ಡ್ ಕಾಯಿಲಿನಲ್ಲೂ ಆರ್ಮೇಚರಿನಲ್ಲೂ ಒಂದಕ್ಕೊಂದು ಅಂಟಿ ಕೂತ ನೂರಾರು ಸುತ್ತಿನ ತಾಮ್ರದ ತಂತಿಗಳನ್ನು ಬೇರೆ ಬೇರೆಯಾಗಿ ಇಟ್ಟಿರುವುದು ಅವುಗಳ ಮೇಲಿನ ಈ ಎನಾಮಲ್ ಲೇಪ, ಹತ್ತಾರು ಮೈಕ್ರಾನ್ ದಪ್ಪದ್ದು. ಅದರ ವೈರಿ ಶಾಖ. 1930ರಲ್ಲಿ ಅಮೆರಿಕದ ಎಂಜಿನಿಯರ್ ವಿ. ಎಂ. ಮಾಂಟ್‌ಸಿಂಗರ್ ಟ್ರಾನ್ಸ್‌ಫಾರ್ಮರುಗಳನ್ನು ಕುರಿತು ಬರೆಯುತ್ತ ಒಂದು ಸರಳ ಸೂತ್ರ ಕೊಟ್ಟರು. ಇಂದು ಎಂಜಿನಿಯರುಗಳು ಅದನ್ನು ಹೀಗೆ ಬಳಸುತ್ತಾರೆ: ಶಾಖ ತಾಳುವ ಮಿತಿಗಿಂತ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೆ ಲೇಪದ ಆಯುಷ್ಯ ಅರ್ಧವಾಗುತ್ತದೆ. 30 ಡಿಗ್ರಿ ಹೆಚ್ಚಾದರೆ ಎಂಟನೇ ಒಂದು ಪಾಲು. ಶಾಖ ಬರುವುದು ಕರೆಂಟಿನಿಂದ, ಅದೂ ವರ್ಗದ ಲೆಕ್ಕದಲ್ಲಿ: ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು.

ಕರೆಂಟು ಏರುವುದು ಯಾವಾಗ? ಮಷೀನನ್ನು ಒತ್ತಿ ಹಿಡಿದಾಗ. ಡಿಸ್ಕಿನ ವೇಗ ಇಳಿದಷ್ಟೂ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ತಂಪು ಮಾಡುವ ಫ್ಯಾನ್ ಅದೇ ದಂಡದ ಮೇಲಿದೆ. ಬಿಸಿ ಏರುವ ಹೊತ್ತಿಗೇ ಗಾಳಿ ಕಡಿಮೆಯಾಗುತ್ತದೆ. ಆದ್ದರಿಂದ ಕೆಲಸದ ನಡುವೆ ಮಷೀನಿನ ಧ್ವನಿ ದಪ್ಪಗಾಯಿತೆಂದರೆ ಕೈ ಸಡಿಲಿಸಬೇಕು. ಗರಂ ಆದ ಮಷೀನನ್ನು ಥಟ್ಟನೆ ಬಂದ್ ಮಾಡಿ ನೆಲಕ್ಕಿಡುವುದು ಅನೇಕರ ರೂಢಿ. ಅದು ತಪ್ಪು. ಭಾರವಿಲ್ಲದೆ ಒಂದೆರಡು ನಿಮಿಷ ಓಡಲು ಬಿಟ್ಟರೆ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗಿ ಒಳಗಿನ ಕಾವನ್ನು ಹೊರಗೆ ತಳ್ಳುತ್ತದೆ.

ಹಳ್ಳಿಯಲ್ಲಿ ಮಷೀನು ಹೀಗೆ ಬಿಸಿಯಾಗುವುದಕ್ಕೆ ಇನ್ನೊಂದು ಕಾರಣ ಸೇರುತ್ತದೆ: ಉದ್ದನೆಯ ವೈರು. ಹೊಲದ ಬಾವಿಯ ಹತ್ತಿರ ಪೈಪು ಕತ್ತರಿಸಲು 50 ಮೀಟರ್ ವೈರು ಎಳೆದಿದ್ದಾರೆ ಎನ್ನೋಣ. ತಾಮ್ರದ ಎಳೆ 1 ಚದರ ಮಿಲಿಮೀಟರಿನದ್ದಾದರೆ ಹೋಗಿ ಬರುವ ನೂರು ಮೀಟರಿನ ಅಡ್ಡಿ ಸುಮಾರು 1.75 ಓಮ್. ದೊಡ್ಡ ಗ್ರೈಂಡರು 8 ಆಂಪಿಯರ್ ಎಳೆದರೆ 14 ವೋಲ್ಟು ದಾರಿಯಲ್ಲೇ ಹೋಯಿತು. ವೈರು ಅರ್ಧ ತೆಳ್ಳಗಿನದ್ದಾದರೆ 28 ವೋಲ್ಟು. ಲೈನಿನ ಕೊನೆಯ ಕಂಬದಲ್ಲಿ ವೋಲ್ಟೇಜು ಮೊದಲೇ ಇಳಿದಿದ್ದರೆ ಮಷೀನಿಗೆ ತಲುಪುವುದು ಇನ್ನೂ ಕಡಿಮೆ. ವೇಗ ಸಾಲದು ಎಂದು ಕೆಲಸಗಾರ ಇನ್ನಷ್ಟು ಒತ್ತುತ್ತಾನೆ. ಮುಂದಿನದು ಮೇಲೆ ಹೇಳಿದ ಕತೆ. ಕಳೆದುಹೋದ ಆ ವೋಲ್ಟೇಜು ವೈರಿನಲ್ಲೇ ಶಾಖವಾಗುತ್ತದೆ. ಅದಕ್ಕೇ ಸುರುಳಿ ಸುತ್ತಿಟ್ಟ ವೈರಿನಿಂದ ಮಷೀನು ಓಡಿಸಬಾರದು. ಪೂರ್ತಿ ಬಿಚ್ಚಿ ಹಾಸಬೇಕು. ಅಗ್ಗದ ವೈರಿನಲ್ಲಿ ಉಳಿಸಿದ ಹಣ ರಿವೈಂಡಿಂಗಿಗೆ ಹೋಗುತ್ತದೆ.

ಮೂರನೆಯದು ಗ್ರೀಸ್. ಅದರ ವೈರಿ ಧೂಳು, ಹಾಗಾಗಿ ಇಲ್ಲಿ ಬೀದರಿನ ನೆಲದ ಮಾತು ಬರುತ್ತದೆ. ಜಿಲ್ಲೆಯ ಅಡಿಪಾಯ ದಖ್ಖನಿನ ಬಸಾಲ್ಟ್ ಕಲ್ಲು. ಬೀದರ್ ನಗರ ಕೂತಿರುವುದು ಅದು ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಕೊಳೆತು ಆದ ಕೆಂಪು ಜಂಬಿಟ್ಟಿಗೆಯ ಮೇಲೆ. ಅಗೆದಾಗ ಮೆತ್ತಗಿದ್ದು, ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಫ್ರಾನ್ಸಿಸ್ ಬುಕನನ್ ಎಂಬ ಬ್ರಿಟಿಷ್ ಸಮೀಕ್ಷಕ ಕೇರಳದಲ್ಲಿ ನೋಡಿ 1807ರಲ್ಲಿ ವರ್ಣಿಸಿದ. ಅದಕ್ಕೂ ಸುಮಾರು ನಾನೂರು ವರ್ಷ ಮೊದಲೇ, ಅಹ್ಮದ್ ಷಾ ಬಹಮನಿ ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದಾಗ, ಕಲ್ಲು ಕಡಿಯುವವರು ಈ ಗುಣ ಬಲ್ಲವರಾಗಿದ್ದರು. ಕೋಟೆಯ ಒಂದು ಪಕ್ಕದ ಮೂರು ಸಾಲಿನ ಕಂದಕ ಈ ಕಲ್ಲಿನಲ್ಲೇ ಕೈಯಿಂದ ಕಡಿದದ್ದು. ಇಂದು ಅದೇ ಕಲ್ಲನ್ನು ಮಷೀನಿನಿಂದ ಕೊಯ್ದಾಗ ಏಳುವ ಕೆಂಪು ಧೂಳಿನಲ್ಲಿ ಕಬ್ಬಿಣದ ಆಕ್ಸೈಡ್ ಹೇರಳ. ಲೋಹಕ್ಕೆ, ಗಾಜಿಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಅದೇ ವಸ್ತು. ಅಂದರೆ ಇದು ಉಜ್ಜುವ ಧೂಳು.

ಬೇರಿಂಗಿನಲ್ಲಿ ಗುಂಡು ಮತ್ತು ಅದರ ದಾರಿ ಒಂದಕ್ಕೊಂದು ತಾಗದಂತೆ ನಡುವೆ ಗ್ರೀಸಿನ ಎಣ್ಣೆ ಒಂದು ಪದರವಾಗಿ ನಿಲ್ಲುತ್ತದೆ. ಆ ಪದರವೂ ಒಂದು ಮೈಕ್ರಾನಿನ ಆಸುಪಾಸಿನದ್ದು. ಗಾಳಿಯಲ್ಲಿ ಹಾರುವ ಧೂಳಿನ ಕಣ ಅದರ ಹತ್ತಾರು ಪಟ್ಟು ದೊಡ್ಡದು. ಒಂದು ಕಣ ಒಳಗೆ ಹೊಕ್ಕರೆ ಪದರವನ್ನು ಸೀಳಿ ಉಕ್ಕಿನ ಮೇಲೆ ಗುಳಿ ಒತ್ತುತ್ತದೆ. ಆ ಗುಳಿಯ ಅಂಚು ಒಡೆದು ಹೊಸ ಕಣಗಳು ಹುಟ್ಟುತ್ತವೆ. ಕಿವಿಗೆ ಕೇಳುವ ‘ಕರ್‌’ ಶಬ್ದ ಬರುವ ಹೊತ್ತಿಗೆ ಕೆಲಸ ಕೆಟ್ಟಾಗಿರುತ್ತದೆ. ಆದರೂ ಆ ಶಬ್ದಕ್ಕೆ ಕಿವಿಗೊಟ್ಟರೆ ಆರ್ಮೇಚರಾದರೂ ಉಳಿದೀತು. ಸಡಿಲ ಬೇರಿಂಗಿನ ಮೇಲೆ ಓಡಿಸುತ್ತಲೇ ಇದ್ದರೆ ಆರ್ಮೇಚರು ಫೀಲ್ಡಿಗೆ ತಾಗಿ ಎರಡೂ ಹೋಗುತ್ತವೆ. ಬೇರಿಂಗಿನ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಂಡು ಅಂಗಡಿಗೆ ಹೋದರೆ ಸಾಕು. 608 ಎಂದರೆ ಒಳತೂತು 8, ಹೊರಸುತ್ತು 22, ಅಗಲ 7 ಮಿಲಿಮೀಟರ್. ಬೀದರಿನಲ್ಲಿ ಕೊಂಡರೂ ಜಪಾನಿನಲ್ಲಿ ಕೊಂಡರೂ ಅಳತೆ ಅದೇ. ಧೂಳಿನ ಊರಿಗೆ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ ತರುವುದು ಒಳ್ಳೆಯದು.

ದಿನದ ಕೆಲಸ ಮುಗಿದ ಮೇಲೆ ಗಾಳಿ ಹೊಡೆದು ಧೂಳು ತೆಗೆಯುವುದು ಈ ಎಲ್ಲ ಪದರಗಳಿಗೂ ಆಗುವ ಉಪಕಾರ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಎಲ್ಲ ಊರಲ್ಲೂ ಇದೆ. ಆದರೆ ಅದರ ಟ್ಯಾಂಕಿನ ತಳದಲ್ಲಿ ನೀರು ಕೂತಿರುತ್ತದೆ. ಕೆಳಗಿನ ತಿರುಪು ಬಿಚ್ಚಿ ಅದನ್ನು ಬಸಿದ ಮೇಲೆ ಗಾಳಿ ಹಿಡಿಯಬೇಕು. ಇಲ್ಲದಿದ್ದರೆ ಧೂಳಿನ ಜೊತೆ ನೀರು ಬೆರೆತು ಒಳಗೇ ಕೆಸರಾಗುತ್ತದೆ. ಭಾಲ್ಕಿ ಕಡೆಯ ಎರಿ ಮಣ್ಣಿನಲ್ಲಂತೂ ಈ ಅಪಾಯ ಹೆಚ್ಚು, ಆ ಜೇಡಿ ನೀರು ಕುಡಿದರೆ ಉಬ್ಬಿ ತೂತುಗಳನ್ನು ಮುಚ್ಚಿಬಿಡುತ್ತದೆ. ಮಷೀನು ಬರಿದೇ ಓಡುತ್ತಿರುವಾಗ ಗಾಳಿತೂತಿಗೆ ಸ್ವಲ್ಪ ದೂರದಿಂದ ಹಿಡಿದರೆ ಧೂಳು ಹೊರಗೆ ಹಾರುತ್ತದೆ. ಬೇರಿಂಗಿಗೆ ನೇರ ಗುರಿ ಇಟ್ಟರೆ ಧೂಳು ಒಳಗೆ ನುಗ್ಗುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಗೇರಿನ ಡಬ್ಬಿಗೆ ಗ್ರೀಸ್ ತುಂಬುವಾಗ ಅರ್ಧದಷ್ಟು ಸಾಕು. ಕಂಠಮಟ್ಟ ತುಂಬಿದರೆ ಗೇರು ಅದನ್ನು ಕಡೆದು ಕಡೆದು ಕಾಯಿಸುತ್ತದೆ, ಕರಗಿದ ಗ್ರೀಸ್ ಮೋಟಾರಿನೊಳಕ್ಕೆ ಇಳಿಯುತ್ತದೆ.

ಕಬ್ಬಿಣ ಉಜ್ಜುವ ಗ್ರೈಂಡರಿಗೆ ಧೂಳು ತೆಗೆಯುವುದು ಜೀವದ ಪ್ರಶ್ನೆಯೂ ಹೌದು. ಮಷೀನಿನ ಹೆಸರಿನ ಪಟ್ಟಿಯ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಅದಕ್ಕೆ ಎರಡು ಹಂತದ ನಿರೋಧಕ ಇದೆ ಎಂದರ್ಥ. ಅದಕ್ಕೇ ಅದರ ವೈರಿನಲ್ಲಿ ಅರ್ಥಿಂಗ್ ಎಳೆ ಇರುವುದಿಲ್ಲ. ಕಬ್ಬಿಣದ ಪುಡಿ, ಕಾರ್ಬನ್ ಪುಡಿ ಒಳಗೆ ಸೇರಿ, ಮಳೆಗಾಲದ ತೇವವೂ ಕೂಡಿದರೆ ಆ ಎರಡು ಹಂತವನ್ನೂ ದಾಟಿ ಕರೆಂಟು ಗೇರಿನ ಲೋಹದ ತಲೆಗೆ ಬಂದೀತು. ಕಲ್ಲು ಕೊಯ್ಯುವಾಗ ನೀರು ಹಾಯಿಸುವುದು ಪುಪ್ಪುಸಕ್ಕೆ ಒಳ್ಳೆಯದು. ಟೈಲ್ಸ್, ಗ್ರಾನೈಟ್, ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಉಸಿರಿನ ಜೊತೆ ಒಳಗಿಳಿದರೆ ಸಿಲಿಕೋಸಿಸ್ ಬರುತ್ತದೆ, ಅದನ್ನು ವಾಸಿಮಾಡುವ ಮದ್ದಿಲ್ಲ. ಆದರೆ ನೀರು, ಕರೆಂಟು ಎರಡೂ ಕೂಡಿದ ಕಡೆ 30 ಮಿಲಿಆಂಪಿಯರ್ ಸೋರಿಕೆಗೇ ಲೈನು ಕಡಿಯುವ ಸ್ವಿಚ್ ಬೋರ್ಡಿನಲ್ಲಿ ಇರಲೇಬೇಕು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುವುದೂ ನಿಗಾದ ಭಾಗವೇ.

ಬ್ಯಾಟರಿಯ ಡ್ರಿಲ್‌ಗಳೂ ಈಗ ಈ ಕಡೆ ಬಂದಿವೆ. ಅವುಗಳಲ್ಲಿ ಹಲವಕ್ಕೆ ಕಾರ್ಬನ್ ಇಲ್ಲ. ನಿಗಾ ಬೇಕಾದದ್ದು ಲಿಥಿಯಂ ಬ್ಯಾಟರಿಗೆ. ಬೇಸಿಗೆಯ ಮಧ್ಯಾಹ್ನ ಪತ್ರಾ ಶೆಡ್ಡಿನೊಳಗೆ ಚಾರ್ಜಿಗೆ ಹಾಕಬಾರದು. ಬಹಳ ದಿನ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಟ್ಟರೆ ಬಾಳಿಕೆ ಹೆಚ್ಚು.

ಉಳಿದದ್ದು ಡಿಸ್ಕು. ಮೇಲಿನ ಮೂರು ಪದರಗಳು ಹೋದರೆ ಹಣ ಹೋಗುತ್ತದೆ, ಇದು ಒಡೆದರೆ ಮುಖ ಹೋಗುತ್ತದೆ. ಉಜ್ಜುವ ಕಣಗಳನ್ನು ಹಿಡಿದಿಟ್ಟಿರುವುದು ರಾಳದ ಅಂಟು. ಮಷೀನು 12,000 ಸುತ್ತಿನಲ್ಲಿ ಓಡುವಾಗ ನಾಲ್ಕು ಇಂಚಿನ ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 63 ಮೀಟರ್, ಅಂದರೆ ಗಂಟೆಗೆ 226 ಕಿಲೋಮೀಟರ್ ವೇಗದಲ್ಲಿರುತ್ತದೆ. ಇಂಥ ಡಿಸ್ಕುಗಳ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್. ಗಾರ್ಡ್ ಬಿಚ್ಚಿ ಇದೇ ಮಷೀನಿಗೆ ಏಳು ಇಂಚಿನ ಡಿಸ್ಕು ಸಿಕ್ಕಿಸಿದರೆ ಅಂಚಿನ ವೇಗ ಸೆಕೆಂಡಿಗೆ 113 ಮೀಟರ್ ಆಗುತ್ತದೆ. ಡಿಸ್ಕನ್ನು ಹೊರಕ್ಕೆ ಸೀಳುವ ಬಲ ವೇಗದ ವರ್ಗದಷ್ಟು ಏರುವುದರಿಂದ ಅದು ಮಿತಿಯ ಎರಡು ಪಟ್ಟು. ಸವೆದ ದೊಡ್ಡ ಡಿಸ್ಕನ್ನು ಚಿಕ್ಕ ಮಷೀನಿಗೆ ಹಾಕಿ ಮುಗಿಸೋಣ ಎನ್ನುವ ಉಳಿತಾಯ ಬೇಡವೇ ಬೇಡ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದೂ ಅಷ್ಟೇ ಅಪಾಯ. ಹಲ್ಲು ಸಿಕ್ಕಿಕೊಂಡರೆ ಮಷೀನು ಕೈಯಿಂದ ಚಿಮ್ಮುತ್ತದೆ.

ಆ ರಾಳ ಗಾಳಿಯ ತೇವವನ್ನು ಹೀರಿ ದಿನ ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಡಿಸ್ಕಿನ ನಡುವಿನ ತಗಡಿನ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ; ತಯಾರಾದ ದಿನದಿಂದ ಮೂರು ವರ್ಷದ ಅವಧಿ ಅದು. ಕೊಳ್ಳುವಾಗಲೇ ಅಂಗಡಿಯಲ್ಲಿ ಓದಿ ನೋಡಬೇಕು. ಮಳೆಗಾಲದಲ್ಲಿ ನೆಲದ ಮೇಲೆ ಬಿದ್ದು ತೇವ ಕುಡಿದದ್ದು, ಕೈ ಜಾರಿ ಬಿದ್ದದ್ದು, ಅಂಚು ಚಿಪ್ಪೊಡೆದದ್ದು ಮತ್ತೆ ಮಷೀನಿಗೆ ಹತ್ತಬಾರದು. ಹೊಸ ಡಿಸ್ಕು ಹಾಕಿದ ಮೇಲೆ ಅದರ ಅಂಚಿನ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡು ಅರ್ಧ ನಿಮಿಷ ಬರಿದೇ ಓಡಿಸಬೇಕು. ಅವಧಿ ಮುಗಿದದ್ದನ್ನು ಆಮೇಲೆ ಬೇಕಾದೀತು ಎಂದು ಗೂಡಿನಲ್ಲಿ ಇಡದೆ ಅಲ್ಲೇ ಎರಡು ತುಂಡು ಮಾಡಬೇಕು, ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹುಡುಗನ ಕೈಗೆ ಅದು ಸಿಗದಂತೆ.